ದಖನಿ ಯಾರು, ಪರದೇಶಿ ಯಾರು?

ಸುಮಾರು ಐದುನೂರು ವರ್ಷಗಳ ಹಿಂದಿನ ಮಾತು. ವಿಜಾಪುರದ ಸುಲ್ತಾನ ಇಸ್ಮಾಯಿಲ ಆದಿಲಶಹನು ತನ್ನ ಸೈನ್ಯಕ್ಕೆ ಒಂದು ಕಟ್ಟಳೆಯನ್ನು ಮಾಡಿದನು. ದಖ್ಖಣದಲ್ಲಿ ಹುಟ್ಟಿದವರಿಗೆ ಅಲ್ಲಿ ಚಾಕರಿಯಿಲ್ಲ, ಹಬಶಿಗಳಿಗೂ ಇಲ್ಲ, ಇರಾಣ ತುರಾಣಗಳಿಂದ ಬಂದ ಪರದೇಶಿಗಳಿಗೆ ಮಾತ್ರ ಉಂಟು. ಆ ಪರದೇಶಿಗಳಿಗೆ ಈ ನೆಲದಲ್ಲಿ ಹುಟ್ಟಿದ ಮಕ್ಕಳನ್ನು ಕೂಡ ಸೇರಿಸಿಕೊಳ್ಳಕೂಡದು. ಇನ್ನು ಈ ಕಟ್ಟಳೆಗೆ ಮುದ್ರೆಯೊತ್ತಿದ ಸುಲ್ತಾನನ ವಂಶಾವಳಿಯನ್ನು ನೋಡೋಣ. ತಂದೆ ಪರದೇಶಿ. ತಾಯಿ ಮರಾಠರ ಮನೆಯ ಮಗಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ದಖ್ಖಣದ ಮಣ್ಣಿನಲ್ಲಿಯೇ. ಅವನು ಸುಲ್ತಾನನಾಗಿರದೆ ಒಬ್ಬ ಸಾಮಾನ್ಯ ಸವಾರನಾಗಿ ತನ್ನದೇ ಪಾಳೆಯದ ಬಾಗಿಲಿಗೆ ಬಂದು ನಿಂತಿದ್ದರೆ ಅವನನ್ನು ಹಿಂದಕ್ಕೆ ಕಳಿಸಬೇಕಾಗುತ್ತಿತ್ತು.

ಇದನ್ನು ಓದಿ ನಕ್ಕು ಬಿಡುವುದು ಸುಲಭ. ನಾನೂ ಮೊದಲು ನಕ್ಕವನೆ. ಆದರೆ ಒಂದು ವರ್ಷ ಕಾಲೇಜಿನಲ್ಲಿ ಪ್ರವೇಶದ ಅರ್ಜಿಗಳನ್ನು ನೋಡುವ ಕೆಲಸ ನನ್ನ ಪಾಲಿಗೆ ಬಂದಿತು. ಇಂಡಿಯ ಕಡೆಯ ಒಬ್ಬ ಹುಡುಗ 'ಮಾತೃಭಾಷೆ' ಎಂಬ ಕಲಮಿನ ಮುಂದೆ ಲೇಖನಿ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದನು. ತಾಯಿ ಭೀಮೆಯ ಆಚೆಯ ದಂಡೆಯವಳು, ಮಗನ ಕೂಡ ಮರಾಠಿಯಲ್ಲಿ ಮಾತಾಡುವವಳು, ತಂದೆಯದು ಕನ್ನಡ. "ಸರ್, ಒಂದ ಬರೀಬೇಕೇನ್ರಿ?" ಎಂದು ಕೇಳಿದನು. ಒಂದೇ ಬರೆಯಬೇಕು, ಕಲಮಿನಲ್ಲಿ ಜಾಗವಿರುವುದು ಅಷ್ಟೇ, ಎಂದೆನು. ಅವನು ಕನ್ನಡ ಎಂದು ಬರೆದು ಹೋದನು. ಕನ್ನಡದ ಮೇಷ್ಟರಾದ ನನಗೆ ಸಂತೋಷವಾಗಬೇಕಾಗಿತ್ತು. ಆದರೆ ತಾಯಿಯ ನುಡಿಯನ್ನು ಕೇಳುವ ಕಲಮಿನಲ್ಲಿ ತಾಯಿಯೇ ಬಿಟ್ಟುಹೋದಳಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಅಂದಿನಿಂದ ಇಸ್ಮಾಯಿಲನನ್ನು ನೆನೆದು ನಗುವುದನ್ನು ಬಿಟ್ಟಿದ್ದೇನೆ.

ಆದಿಲಶಾಹಿಯ ಕಥೆಯನ್ನು ನಮಗೆ ವಿಸ್ತಾರವಾಗಿ ಹೇಳಿದವನು ಫಿರಿಶ್ತಾ. ಅವನು ಕಾಸ್ಪಿಯನ್ ಸಮುದ್ರದ ದಂಡೆಯ ಅಸ್ತರಾಬಾದದಲ್ಲಿ ಹುಟ್ಟಿ, ಅಹಮದನಗರದಲ್ಲಿದ್ದು, 1589ರಲ್ಲಿ ವಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ ತನ್ನ ಇತಿಹಾಸವನ್ನು ಬರೆದನು. ಎಂದರೆ ಅವನೂ ಒಬ್ಬ ಪರದೇಶಿ. ದಖನಿಗಳ ವಿಷಯವಾಗಿ ಅವನು ಒಳ್ಳೆಯ ಮಾತನ್ನು ಕೈಬಿಗಿಹಿಡಿದೇ ಆಡುತ್ತಾನೆಂಬುದನ್ನು ಓದುವಾಗ ಮರೆಯಬಾರದು.

ಮನೆತನದ ಮೂಲಪುರುಷ ಯೂಸುಫ ಆದಿಲಖಾನನ ಹುಟ್ಟಿನ ಬಗ್ಗೆ ಫಿರಿಶ್ತಾ ಹೇಳುವ ಕಥೆ ಒಂದು ಪುರಾಣದಷ್ಟು ರಮ್ಯವಾಗಿದೆ. ಅವನು ತುರ್ಕಸ್ತಾನದ ಉಸ್ಮಾನಿ ಸುಲ್ತಾನ ಎರಡನೆಯ ಮುರಾದನ ಮಗನಂತೆ. ಪಟ್ಟಕ್ಕೆ ಬಂದ ಅಣ್ಣನು ತಮ್ಮಂದಿರನ್ನು ಉಳಿಸಲಾರನೆಂದು ತಾಯಿಯು ಕೂಸನ್ನು ಒಬ್ಬ ವ್ಯಾಪಾರಿಯ ಕೈಗೆ ಕೊಟ್ಟು ಗುಟ್ಟಾಗಿ ಇರಾಣದ ಸಾವಾ ಎಂಬ ಊರಿಗೆ ಸಾಗಿಸಿದಳಂತೆ. ಅದೇ ವಿಜಾಪುರದಲ್ಲಿದ್ದ ಇನ್ನೊಬ್ಬ ಇತಿಹಾಸಕಾರ ರಫಿಉದ್ದೀನ ಶಿರಾಜಿಯು ಬೇರೆ ಕಥೆಯನ್ನೇ ಹೇಳುತ್ತಾನೆ. ಅದರಲ್ಲಿ ಯೂಸುಫನು ಸಾವಾದ ತುರ್ಕಮಾನ ಸರದಾರರ ಮನೆತನದವನು. ಇವೆರಡರಲ್ಲಿ ಯಾವುದು ನಿಜವೆಂಬುದು ನಮಗೆ ಇಲ್ಲಿ ಮುಖ್ಯವಲ್ಲ. ಬಹಮನಿ ದೊರೆಗಳ ಚಾಕರಿಯಲ್ಲಿ ಮೇಲೇರಿ, 1490ರ ಸುಮಾರಿಗೆ ವಿಜಾಪುರದಲ್ಲಿ ಸ್ವತಂತ್ರನಾದ ಒಬ್ಬ ಸರದಾರನಿಗೆ ಒಂದು ರಾಜವಂಶ ಬೇಕಾಯಿತು. ಅದು ದೂರದಲ್ಲಿ ದೊರೆಯಿತು. ದೂರದ ವಂಶಕ್ಕೆ ಒಂದು ಅನುಕೂಲವುಂಟು: ಹೋಗಿ ವಿಚಾರಿಸಿ ಬರುವವರು ಯಾರು?

ಹತ್ತಿರದ್ದು ಮಾತ್ರ ಎಲ್ಲರಿಗೂ ಗೊತ್ತಿದ್ದಿತು. ತನ್ನನ್ನು ಎದುರಿಸಿದ ಮುಕುಂದರಾಯನೆಂಬ ಮರಾಠ ನಾಯಕನನ್ನು ಸೋಲಿಸಿ ಯೂಸುಫನು ಅವನ ತಂಗಿಯನ್ನು ಮದುವೆಯಾದನು. ಅವಳಿಗೆ ಬೂಬೂಜಿ ಖಾನಂ ಎಂಬ ಹೆಸರಾಯಿತು. ತವರಿನಲ್ಲಿ ಅವಳನ್ನು ಏನೆಂದು ಕರೆಯುತ್ತಿದ್ದರೋ ಅದು ಇತಿಹಾಸಕ್ಕೆ ಬೇಕಾಗಲಿಲ್ಲ. ಇಸ್ಮಾಯಿಲನೂ ಮೂವರು ಹೆಣ್ಣುಮಕ್ಕಳೂ ಅವಳ ಹೊಟ್ಟೆಯಲ್ಲಿ ಹುಟ್ಟಿದರು. ಆ ಹೆಣ್ಣುಮಕ್ಕಳು ಅಹಮದನಗರ, ವರ್ಹಾಡ, ಬೀದರ ದೊರೆಗಳ ಮನೆಗಳನ್ನು ಸೇರಿದರು.

ಈಗ ಎರಡು ಮಾತುಗಳ ಅರ್ಥವನ್ನು ಬಿಡಿಸಿಕೊಳ್ಳಬೇಕು. ಅಂದಿನ ದರಬಾರುಗಳಲ್ಲಿ ಎರಡು ಪಕ್ಷಗಳಿದ್ದವು. ಒಂದು ದಖನಿಗಳದು. ಹದಿನಾಲ್ಕನೆಯ ಶತಮಾನದಲ್ಲಿ ಮಹಮ್ಮದ ತುಘಲಕನ ಕಾಲಕ್ಕೆ ದಿಲ್ಲಿಯಿಂದ ದೌಲತಾಬಾದಕ್ಕೆ ಬಂದು ನೆಲೆಸಿದವರ ಸಂತತಿ, ಇಲ್ಲಿಯೇ ಮತಾಂತರ ಹೊಂದಿದವರು, ಇವೆರಡರ ಬೆರಕೆ, ಎಲ್ಲರೂ ಇದರಲ್ಲಿ ಸೇರಿದ್ದರು. ಇನ್ನೊಂದು, ಇರಾಣ ಮತ್ತು ಮಧ್ಯ ಏಷ್ಯದಿಂದ ಹೊಸದಾಗಿ ಬಂದವರದು. ಇವರನ್ನು ಆಫಾಕಿಗಳೆಂದೂ ಗರೀಬರೆಂದೂ ಕರೆಯುತ್ತಿದ್ದರು. ಗರೀಬ ಎಂದರೆ ಮೂಲದಲ್ಲಿ ಅಪರಿಚಿತ, ಪರಸ್ಥಳದವನು. ಇಂದು ನಮ್ಮ ಬಾಯಲ್ಲಿ ಆ ಮಾತಿಗೆ ಬಡವನೆಂದು ಅರ್ಥ. ತಮಾಷೆಯೆಂದರೆ ನಮ್ಮ 'ಪರದೇಶಿ' ಎಂಬ ಮಾತೂ ಅದೇ ದಾರಿಯನ್ನು ಹಿಡಿದಿದೆ. ದಿಕ್ಕಿಲ್ಲದವನನ್ನು ಕಂಡು ಹಳ್ಳಿಯ ಮುದುಕಿ 'ಪಾಪ, ಪರದೇಶಿ' ಎನ್ನುತ್ತಾಳೆ. ಆದರೆ ಹದಿನೈದು ಹದಿನಾರನೆಯ ಶತಮಾನದ ಗರೀಬರು ಬಡವರಲ್ಲ. ಮಂತ್ರಿಗಳು, ಕುದುರೆಯ ವ್ಯಾಪಾರಿಗಳು, ಕವಿಗಳು, ಸೇನಾಪತಿಗಳು ಅವರಲ್ಲಿದ್ದರು. ಬೀದರದಲ್ಲಿ ಮದರಸಾ ಕಟ್ಟಿಸಿದ ಮಹಮೂದ ಗವಾನನು ಅವರಲ್ಲಿ ಅಗ್ರಗಣ್ಯ. 1481ರಲ್ಲಿ ಎದುರು ಪಕ್ಷದವರು ಸೃಷ್ಟಿಸಿದ ಒಂದು ಖೊಟ್ಟಿ ಪತ್ರದಿಂದ ಅವನ ತಲೆ ಹೋಯಿತು. ಎರಡು ಪಕ್ಷಗಳ ವೈರ ಎಷ್ಟೆಂಬುದಕ್ಕೆ ಇದೊಂದೇ ಸಾಕು.

ಇದು ನೆಲದವರಿಗೂ ಹೊರಗಿನವರಿಗೂ ನಡೆದ ಜಗಳವೆಂದು ತೋರಬಹುದು. ಆದರೆ ಹಬಶಿಗಳನ್ನು ನೋಡಿರಿ. ಆಫ್ರಿಕದ ಇಥಿಯೋಪಿಯದ ಕಡೆಯಿಂದ ಗುಲಾಮರಾಗಿ ಬಂದ ಇವರು ನಿನ್ನೆ ಹಡಗಿನಿಂದ ಇಳಿದಿದ್ದರೂ ದಖನಿಗಳ ಪಕ್ಷಕ್ಕೆ ಸೇರುತ್ತಿದ್ದರು. ಇರಾಣದವನ ಮಗ, ಇಲ್ಲಿಯ ತಾಯಿಯ ಹಾಲು ಕುಡಿದು ಬೆಳೆದಿದ್ದರೂ, 'ಗರೀಬಜಾದಾ' ಎಂದರೆ ಪರದೇಶಿಯ ಕುಡಿ ಎನಿಸಿಕೊಳ್ಳುತ್ತಿದ್ದನು. ಅಂದ ಮೇಲೆ ದಖನಿ ಎನ್ನುವುದು ಹುಟ್ಟಿದ ಊರಿನ ಹೆಸರೂ ಅಲ್ಲ, ರಕ್ತದ ಹೆಸರೂ ಅಲ್ಲ. ಯಾರ ಸಂಗಡ ಉಣ್ಣುತ್ತಾನೆ, ಯಾವ ಮಸೀದಿಯ ರೀತಿಯಲ್ಲಿ ಪ್ರಾರ್ಥಿಸುತ್ತಾನೆ, ಯಾವ ನುಡಿಯಾಡುತ್ತಾನೆ, ಆಪತ್ತಿನಲ್ಲಿ ಯಾರ ಬಾಗಿಲನ್ನು ತಟ್ಟುತ್ತಾನೆ ಎಂಬುದರ ಹೆಸರು. ಇರಾಣದವನಿಗೆ ಸಮುದ್ರದಾಚೆ ತನ್ನ ಕುಲವಿದ್ದಿತು, ಪತ್ರ ಬರೆದರೆ ಓದುವವರಿದ್ದರು. ಗುಲಾಮನಾಗಿ ಮಾರಾಟವಾದ ಹಬಶಿಗೆ ಆಚೆಯ ದಂಡೆಯಲ್ಲಿ ಯಾರೂ ಉಳಿದಿರಲಿಲ್ಲ. ಬಹುಮಟ್ಟಿಗೆ ಸುನ್ನಿಗಳಾದ ದಖನಿಗಳ ಜೊತೆ ಅವನೂ ಸುನ್ನಿಯಾಗಿ ಬೆರೆತನು. ಅವರೆಲ್ಲರನ್ನೂ ಕೀಳಾಗಿ ಕಾಣುವ ಇರಾಣದವರ ಕಣ್ಣು ಅವರನ್ನು ಇನ್ನಷ್ಟು ಒಂದುಗೂಡಿಸಿತು.

1510ರಲ್ಲಿ ಯೂಸುಫನು ತೀರಿಕೊಂಡಾಗ ಇಸ್ಮಾಯಿಲನು ಇನ್ನೂ ಬಾಲಕ. ರಾಜ್ಯಭಾರವು ಕಮಾಲಖಾನನೆಂಬ ದಖನಿ ಸರದಾರನ ಕೈಗೆ ಬಂದಿತು. ಅವನು ಯೂಸುಫನು ತಂದಿದ್ದ ಶಿಯಾ ಪದ್ಧತಿಯನ್ನು ತೆಗೆದು ಸುನ್ನಿ ಪದ್ಧತಿಯನ್ನು ತಂದನು, ಪರದೇಶಿ ಸೈನಿಕರನ್ನು ಕಡಮೆ ಮಾಡಿದನು, ಕೊನೆಗೆ ಹುಡುಗನನ್ನೇ ತೆಗೆದು ತಾನು ಪಟ್ಟವೇರುವ ಹವಣಿಕೆ ಮಾಡಿದನು. ಬೂಬೂಜಿ ಸುಮ್ಮನಿರಲಿಲ್ಲ. ಇಸ್ಮಾಯಿಲನ ಸಾಕುತಂದೆಯಾದ ಯೂಸುಫನೆಂಬ ತುರ್ಕನು ಮಕ್ಕಾ ಯಾತ್ರೆಗೆ ಹೊರಟವನ ನೆವದಿಂದ ಅಪ್ಪಣೆ ಬೇಡಲು ಹೋಗಿ ಕಮಾಲಖಾನನನ್ನು ಕಠಾರಿಯಿಂದ ತಿವಿದು ಕೊಂದನು, ತಾನೂ ಸತ್ತನು. ಕಮಾಲಖಾನನ ತಾಯಿ ಗಟ್ಟಿಗಿತ್ತಿ. ಮಗನ ಹೆಣವನ್ನು ಬದುಕಿರುವವನಂತೆ ಕೂರಿಸಿ, ಮೊಮ್ಮಗನಾದ ಸಫದರಖಾನನನ್ನು ಅರಮನೆಯ ಮೇಲೆ ಏರಿಹೋಗಲು ಕಳಿಸಿದಳು. ಆಗ ಅರಮನೆಯ ಮಾಳಿಗೆಯ ಮೇಲೆ ಬಿಲ್ಲುಬಾಣ ಹಿಡಿದು ಗಂಡುಡುಗೆಯಲ್ಲಿ ನಿಂತವರು ಇಬ್ಬರು ಹೆಂಗಸರು. ಒಬ್ಬಳು ಬೂಬೂಜಿ, ಇನ್ನೊಬ್ಬಳು ಇಸ್ಮಾಯಿಲನ ಸಾಕು ಸೋದರತ್ತೆ, ಇರಾಣದಿಂದ ಬಂದಿದ್ದ ದಿಲಶಾದ ಆಗಾ. ಅವರ ಕೂಗಿಗೆ ಓಗೊಟ್ಟು ಓಡಿಬಂದವರಲ್ಲಿ ಮುಂದಾದವರು ಪರದೇಶಿಗಳು. ಮೇಲಿನಿಂದ ಉರುಳಿಸಿದ ಕಲ್ಲಿಗೆ ಸಿಕ್ಕು ಸಫದರಖಾನನು ಸತ್ತನು. ಪಟ್ಟ ಉಳಿಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಅರಮನೆಯಲ್ಲಿ ರಕ್ತದಿಂದ ಅತ್ಯಂತ ದೇಶೀಯಳಾದವಳು ಬೂಬೂಜಿ. ರಕ್ತವು ಮನುಷ್ಯನ ಪಕ್ಷವನ್ನು ನಿರ್ಧರಿಸುವುದಾದರೆ ಅವಳು ಕಮಾಲಖಾನನ ಕಡೆಗೆ ನಿಲ್ಲಬೇಕಾಗಿತ್ತು. ಅವಳು ನಿಂತದ್ದು ಮಗನ ಕಡೆಗೆ. ಮಗನ ಕಡೆಗೆ ನಿಂತವರು ಪರದೇಶಿಗಳಾದುದರಿಂದ ಪರದೇಶಿಗಳ ಕಡೆಗೆ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿಯುವ ವ್ಯಕ್ತಿ ಇವಳೇ.

ಈ ದಿನದ ಭಯವೇ ಇಸ್ಮಾಯಿಲನ ಕಟ್ಟಳೆಗೆ ಕಾರಣವಾಯಿತು. ಆದರೆ ಭಯವೊಂದೇ ಅಲ್ಲ, ಸಾಕಣೆಯೂ ಇದ್ದಿತು. ತಂದೆಯ ಇಚ್ಛೆಯ ಮೇರೆಗೆ ದಿಲಶಾದ ಆಗಾ ಹುಡುಗನನ್ನು ದಖನಿಗಳ ಸಹವಾಸದಿಂದ ಆದಷ್ಟು ದೂರ ಇಟ್ಟು ಬೆಳೆಸಿದ್ದಳು. ಅವನಿಗೆ ತುರ್ಕಿ, ಪಾರಸಿ ನುಡಿಗಳೂ ಆ ಕಡೆಯ ಸಂಗೀತವೂ ಪ್ರಿಯವಾದವು. ದಖನಿಯಲ್ಲಿ ಮಾತಾಡುವುದು ಅಪರೂಪವಾಯಿತು. ಪಾರಸಿಯಲ್ಲಿ 'ವಫಾಯಿ' ಎಂಬ ಅಂಕಿತವಿಟ್ಟುಕೊಂಡು ಕವಿತೆ ಬರೆದನು. 1519ರಲ್ಲಿ ಇರಾಣದ ಸಫವೀ ದೊರೆಯ ರಾಯಭಾರಿಯು ಬಂದು ಅವನನ್ನು ದೊರೆಯೆಂದು ಸಂಬೋಧಿಸಿದಾಗ ಅವನ ಸಂತೋಷಕ್ಕೆ ಪಾರವಿರಲಿಲ್ಲ. ಸೈನಿಕರೆಲ್ಲರೂ ಸಫವೀ ಮಾದರಿಯ ಹನ್ನೆರಡು ಮೂಲೆಯ ಕೆಂಪು ಟೊಪ್ಪಿಗೆಯನ್ನು ಧರಿಸಬೇಕೆಂದು ಆಜ್ಞೆಯಾಯಿತು. ವಿಜಾಪುರದ ಬೇಸಿಗೆಯ ಬಿಸಿಲಿನಲ್ಲಿ ಆ ಟೊಪ್ಪಿಗೆಗಳನ್ನು ಹೊತ್ತವರನ್ನು ನೆನೆದು ನನಗೆ ಮರುಕವಾಗುತ್ತದೆ.

ಕಟ್ಟಳೆಯಾದರೋ ಕೆಲವು ವರ್ಷ ನಡೆದು ಸಡಿಲಾಯಿತು. ಸಡಿಲಿಸಬೇಕೆಂದು ಮೊರೆಯಿಟ್ಟವರು ದಖನಿಗಳಲ್ಲ, ಪರದೇಶಿಗಳೇ. ಅವರು ಇಲ್ಲಿ ಮನೆ ಮಾಡಿದ್ದರು, ಮಕ್ಕಳಾಗಿದ್ದರು. ತಮ್ಮ ಮಕ್ಕಳಿಗೆ ತಮ್ಮ ದೊರೆಯ ಚಾಕರಿಯೇ ಇಲ್ಲದಂತಾದರೆ ಹೇಗೆ? ಸುಲ್ತಾನನು ಒಪ್ಪಿದನು. ಬರಬರುತ್ತ ಅಫಘಾನರಿಗೂ ರಜಪೂತರಿಗೂ ಬಾಗಿಲು ತೆರೆಯಿತು. ದಖ್ಖಣದಲ್ಲಿ ಹುಟ್ಟಿದವರಾಗಿರಬಾರದು ಎಂಬುದೊಂದೇ ನಿಬಂಧನೆ. ನಿಯಮವನ್ನು ಮಾಡುವುದು ಒಂದು ತಲೆಮಾರು. ಅದಕ್ಕೆ ಸಿಕ್ಕಿಬೀಳುವುದು ಅದರ ಮಕ್ಕಳು.

1534ರಲ್ಲಿ ಇಸ್ಮಾಯಿಲನು ತೀರಿದ ಮೇಲೆ ಹಿರಿಯ ಮಗ ಮಲ್ಲೂ ಪಟ್ಟಕ್ಕೆ ಬಂದನು. ಅವನ ದುರಾಚಾರವನ್ನು ಕಂಡು ಕೆಲವೇ ತಿಂಗಳುಗಳಲ್ಲಿ ಅಜ್ಜಿಯೇ, ಅದೇ ಬೂಬೂಜಿಯೇ, ಅವನನ್ನು ಇಳಿಸಿ, ಇನ್ನೊಬ್ಬ ಮೊಮ್ಮಗ ಇಬ್ರಾಹಿಮನನ್ನು ಕೂರಿಸಿದಳು. ಈ ಇಬ್ರಾಹಿಮನು ತಂದೆ ಕಟ್ಟಿದ್ದನ್ನೆಲ್ಲ ತಲೆಕೆಳಗು ಮಾಡಿದನು. ಶಿಯಾ ಪದ್ಧತಿ ಹೋಗಿ ಸುನ್ನಿ ಪದ್ಧತಿ ಬಂದಿತು. ಕೆಂಪು ಟೊಪ್ಪಿಗೆಗೆ ನಿಷೇಧವಾಯಿತು. ನಾಲ್ಕುನೂರು ಜನರನ್ನು ಉಳಿಸಿಕೊಂಡು ಉಳಿದ ಪರದೇಶಿ ಸೈನಿಕರನ್ನು ಕೆಲಸದಿಂದ ತೆಗೆದು, ದಖನಿಗಳನ್ನೂ ಹಬಶಿಗಳನ್ನೂ ಸೇರಿಸಿಕೊಂಡನು. ಪಾರಸಿಯಲ್ಲಿ ಬರೆಯುತ್ತಿದ್ದ ಸರಕಾರಿ ಲೆಕ್ಕಪತ್ರಗಳನ್ನು 'ಹಿಂದವಿ'ಯಲ್ಲಿ ಬರೆಯಬೇಕೆಂದು ವಿಧಿಸಿ, ಅವನ್ನು ಬ್ರಾಹ್ಮಣ ಕಾರಕೂನರ ಕೈಗೆ ಒಪ್ಪಿಸಿದನು. ಫಿರಿಶ್ತಾನ ಹಿಂದವಿ ಎಂದರೆ ಈ ನಾಡಿನ ನುಡಿಗಳು, ಎಂದರೆ ಮರಾಠಿ ಮತ್ತು ಕನ್ನಡ, ಎಂದು ವಿದ್ವಾಂಸರು ಅರ್ಥ ಮಾಡುತ್ತಾರೆ. ಇಂಡಿ, ಬಾಗೇವಾಡಿಗಳ ಕಡೆಯ ಕುಲಕರ್ಣಿಗಳು ದೇಶಪಾಂಡೆಯವರು ದಫ್ತರಗಳನ್ನು ಮೋಡಿಯಲ್ಲಿಯೂ ಕನ್ನಡದಲ್ಲಿಯೂ ಬರೆದುಕೊಂಡು ಬಂದ ಪರಂಪರೆಗೆ ಅರಮನೆಯಿಂದಲೇ ಬೆನ್ನುಬಲ ಬಂದಂತಾಯಿತು.

ತಂದೆ ಮಕ್ಕಳಲ್ಲಿ ರಕ್ತದ ಅಂತರ ಅಷ್ಟೇನೂ ಇಲ್ಲ. ಒಂದೇ ಮನೆ, ಒಂದೇ ಅಜ್ಜಿ. ಒಬ್ಬನು ತಾನು ಆಚೆಯವನೆಂದನು, ಇನ್ನೊಬ್ಬನು ಈಚೆಯವನೆಂದನು. ಇದು ಮರಾಠ ಅಜ್ಜಿಯ ಪ್ರಭಾವವೆಂದು ಹೇಳಿಬಿಡುವ ಆಸೆ ಯಾರಿಗಾದರೂ ಆದೀತು. ಅದಕ್ಕೆ ಆಧಾರವಿಲ್ಲ, 1511ರಲ್ಲಿ ಅದೇ ಅಜ್ಜಿ ಯಾರನ್ನು ಕೂಗಿ ಕರೆದಿದ್ದಳೆಂಬುದನ್ನು ಆಗಲೇ ನೋಡಿದೆವು. ಹೊಸ ದೊರೆಗೆ ತಂದೆಯ ಕಾಲದ ಪ್ರಬಲ ಸರದಾರರಿಂದ ಬಿಡುಗಡೆ ಬೇಕಾಗಿತ್ತು, ಕಡಮೆ ಖರ್ಚಿನ ಸೈನ್ಯ ಬೇಕಾಗಿತ್ತು, ಊರೂರಿನ ಕಂದಾಯ ಕೈಗೆ ಸಿಗಬೇಕಾಗಿತ್ತು ಎಂದು ಊಹಿಸುವುದೇ ಹೆಚ್ಚು ಸರಿ. ಹಾಗೆಂದು ಅವನ ದಖನಿತನ ಬರಿಯ ಸೋಗು ಎಂದೂ ನಾನು ಹೇಳಲಾರೆ. ಮನುಷ್ಯನು ಬೇಕಾಗಿ ತೊಟ್ಟ ಅಂಗಿಯೂ ನಾಲ್ಕು ದಿನ ತೊಟ್ಟರೆ ಮೈಗೆ ಹೊಂದಿಕೊಳ್ಳುತ್ತದೆ.

ಕೆಲಸ ಕಳೆದುಕೊಂಡ ಪರದೇಶಿಗಳು ಎಲ್ಲಿಗೆ ಹೋದರು? ಮೂರು ಸಾವಿರ ಜನ ವಿಜಯನಗರದ ರಾಮರಾಯನ ಸೇವೆಗೆ ಸೇರಿದರೆಂದು ಫಿರಿಶ್ತಾ ಹೇಳುತ್ತಾನೆ. ಪರಮತದ ಪ್ರಭುವಿಗೆ ತಲೆಬಾಗುವುದು ಅವರಿಗೆ ಸಂಕೋಚವೆಂದು ತಿಳಿದು ರಾಮರಾಯನು ತನ್ನ ಮುಂದೆ ಕುರಾನಿನ ಪ್ರತಿಯೊಂದನ್ನು ಇಡಿಸಿದನಂತೆ. ಬಾಗಿದ ತಲೆ ಯಾರಿಗೆ ಬಾಗಿತೆಂಬುದನ್ನು ಬಾಗಿದವನೇ ತಿಳಿದುಕೊಳ್ಳಲಿ.

ಈ ಹಿನ್ನೆಲೆಯಲ್ಲಿಯೇ ನಾವು ಮುದ್ದೇಬಿಹಾಳದ ಕಡೆಗೆ ನೋಡಬೇಕು. ಕೃಷ್ಣೆಯ ಉತ್ತರದ ದಂಡೆಯಲ್ಲಿ ರಕ್ಕಸಗಿ, ತಂಗಡಗಿ ಎಂಬ ಎರಡು ಊರುಗಳಿವೆ. ಅವುಗಳ ಹೆಸರನ್ನು ಕೂಡಿಸಿ 1565ರ ಜನವರಿಯ ಆ ಮಹಾಯುದ್ಧವನ್ನು ರಕ್ಕಸತಂಗಡಿಯ ಯುದ್ಧವೆನ್ನುತ್ತೇವೆ. ಸುಲ್ತಾನರ ಸೈನ್ಯಗಳು ಮೊದಲು ಕೂಡಿದ್ದು ಇನ್ನೂ ಉತ್ತರಕ್ಕಿರುವ ತಾಳಿಕೋಟೆಯಲ್ಲಿ. ಆದುದರಿಂದ ತಾಳಿಕೋಟೆಯ ಯುದ್ಧವೆಂದೂ ಹೆಸರು. ಶಾಲೆಯ ಪುಸ್ತಕಗಳಲ್ಲಿ ಇದನ್ನು ನೆಲದವರಿಗೂ ಹೊರಗಿನವರಿಗೂ ನಡೆದ ಯುದ್ಧವೆಂದೇ ನಾವೆಲ್ಲ ಓದಿದ್ದು. ಆದರೆ ವಿಜಯನಗರದ ಸೈನ್ಯದಲ್ಲಿ ಮುಸಲ್ಮಾನ ಸರದಾರರಿದ್ದರು. ವಿಜಾಪುರದ ಚಾಕರಿಯಲ್ಲಿ ಮರಾಠ ಬಾರಗೀರರಿದ್ದರು. ಆಗಿನ ವಿಜಾಪುರದ ದೊರೆ, ಇಬ್ರಾಹಿಮನ ಮಗ ಅಲಿ ಆದಿಲಶಹ, ತಂದೆಯ ಪದ್ಧತಿಯನ್ನು ಮತ್ತೆ ಮಗುಚಿ ಶಿಯಾ ಮತವನ್ನೂ ಪರದೇಶಿಗಳನ್ನೂ ಕರೆತಂದವನು. ಅದೇ ಅಲಿಯು ಕೆಲವು ವರ್ಷಗಳ ಹಿಂದೆ ರಾಮರಾಯನ ಮಗ ತೀರಿಕೊಂಡಾಗ ಸ್ವಲ್ಪವೇ ಸವಾರರೊಡನೆ ವಿಜಯನಗರಕ್ಕೆ ಹೋಗಿ ಸಮಾಧಾನ ಹೇಳಿದ್ದನು; ರಾಮರಾಯನ ರಾಣಿ ಅವನನ್ನು ಮಗನೆಂದು ಸ್ವೀಕರಿಸಿದ್ದಳು. ಅಹಮದನಗರದ ನಿಜಾಮಶಾಹಿ ಮನೆತನವಂತೂ ಪಾಥ್ರಿಯ ಬ್ರಾಹ್ಮಣ ಕುಲಕರ್ಣಿಗಳ ವಂಶದ್ದು. ಸೆರೆಯಾಗಿ ಮತಾಂತರ ಹೊಂದಿದ ಒಬ್ಬ ಹುಡುಗನಿಂದ ಬೆಳೆದದ್ದು. ಅವರು ಅದನ್ನು ಮುಚ್ಚಿಡಲಿಲ್ಲ. ಪಾಥ್ರಿ ತಮ್ಮ ಹಿರಿಯರ ಊರೆಂದು ಅದಕ್ಕಾಗಿ ವರ್ಹಾಡದವರೊಡನೆ ಕಾದಿ ಗೆದ್ದು, ಅಲ್ಲಿಯ ಬ್ರಾಹ್ಮಣ ಬಂಧುಗಳಿಗೆ ದತ್ತಿ ಬಿಟ್ಟರು. ಆ ವರ್ಹಾಡದ ಇಮಾದಶಾಹಿಯ ಮೂಲಪುರುಷನೂ ವಿಜಯನಗರದ ಸೀಮೆಯಿಂದ ಸೆರೆಹೋದ ಕನ್ನಡ ಬ್ರಾಹ್ಮಣನ ಮಗನೇ. ರಾಮರಾಯನಾದರೋ ತೆಲುಗು ಮನೆಯ ಆರವೀಡು ವಂಶದವನು. ಅವನು ತನ್ನ ವಂಶವನ್ನು ಕಲ್ಯಾಣದ ಚಾಲುಕ್ಯರಿಗೆ ಒಯ್ದು ಕೂಡಿಸಿದನು. ಯುದ್ಧಭೂಮಿಯಲ್ಲಿ ಸತ್ತ ಸಾಮಾನ್ಯರ ವಂಶಾವಳಿಯನ್ನು ಯಾರೂ ಬರೆಯಲಿಲ್ಲ.

ದೊರೆಗಳು ಆರಿಸಿಕೊಂಡ ಪೂರ್ವಜರನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಎಲ್ಲರ ಆಯ್ಕೆಯೂ ಮೇಲಕ್ಕೆ. ಉಸ್ಮಾನಿ ಸುಲ್ತಾನ, ಚಾಲುಕ್ಯ ಚಕ್ರವರ್ತಿ, ಪಾಥ್ರಿಯ ಬ್ರಾಹ್ಮಣ. ತನ್ನ ಅಜ್ಜ ಕೂಲಿಯವನೆಂದು ಸಾರಿದ ದೊರೆಯಿಲ್ಲ. ಕೆಳಕ್ಕೆ ಆರಿಸಿಕೊಂಡವರನ್ನು ಹುಡುಕಬೇಕಾದರೆ ದೂರ ಹೋಗಬೇಕಾಗಿಲ್ಲ. ತಾಳಿಕೋಟೆಗೂ ವಿಜಾಪುರಕ್ಕೂ ನಡುವಣ ಸೀಮೆಯಲ್ಲಿಯೇ ಬಸವನ ಬಾಗೇವಾಡಿಯಿದೆ. ಆದಿಲಶಾಹಿಗಿಂತ ಮೂರು ಶತಮಾನ ಮೊದಲು ಆ ಅಗ್ರಹಾರದ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಬಸವಣ್ಣನವರು ಜನಿವಾರವನ್ನು ಬಿಟ್ಟು ಹೊರಟುದು ಎಲ್ಲರಿಗೂ ತಿಳಿದ ಕಥೆ. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಒಂದು ವಚನದಲ್ಲಿ ತಮ್ಮ ಹುಟ್ಟಿನ ಕಥೆಯನ್ನೇ ಬೇರೆಯಾಗಿ ಹೇಳಿಕೊಂಡರು: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಇವರ ಮನೆಗಳ ಆಳುಮಕ್ಕಳಿಗೆ ತಾವು ಹುಟ್ಟಿದವರೆಂದರು. ಬಿಜ್ಜಳನ ಭಂಡಾರಿಯಾಗಿ ಹೆಗಲ ಮೇಲೆ ಅಧಿಕಾರವಿದ್ದಾಗ ಹಾಗೆ ಹೇಳುವುದು ಸಣ್ಣ ಮಾತಲ್ಲ. ಕೇಳಿದವರಿಗೆ ಅದು ಸುಳ್ಳೆಂದು ಗೊತ್ತಿದ್ದಿತು. ಸುಳ್ಳೆಂದು ಗೊತ್ತಿದ್ದೂ ಹೇಳಿದುದರಲ್ಲಿಯೇ ಅದರ ಕೆಚ್ಚು ಇರುವುದು. ಸಿಂದಗಿಯ ಕಡೆಯ ದೇವರ ಹಿಪ್ಪರಗಿಯ ಮಾಚಯ್ಯನವರು ಮಡಿವಾಳನೆಂಬುದನ್ನು ಹೆಸರಿನ ಹಿಂದೆ ಅಡಗಿಸಲಿಲ್ಲ, ಮುಂದೆಯೇ ಇಟ್ಟುಕೊಂಡರು. ಯೂಸುಫನು ತನಗೆ ಬೇಕಾದ ತಂದೆಯನ್ನು ಆರಿಸಿಕೊಂಡದ್ದು ಸಿಂಹಾಸನದ ಸಲುವಾಗಿ. ಬಸವಣ್ಣನವರು ಆರಿಸಿಕೊಂಡದ್ದು ಜೊತೆಯಲ್ಲಿ ಕೂತು ಉಣ್ಣುವವರ ಸಲುವಾಗಿ.

ಆದಿಲಶಾಹಿಗೆ ಮರಳೋಣ. ಎರಡು ಪಕ್ಷಗಳ ಹಗ್ಗಜಗ್ಗಾಟ ಅಲಿಯ ತರುವಾಯವೂ ನಡೆಯಿತು; ಎರಡನೆಯ ಇಬ್ರಾಹಿಮನು ಬಾಲಕನಾಗಿದ್ದಾಗ ಕೆಲವು ವರ್ಷ ಹಬಶಿ ಸರದಾರರೇ ರಾಜ್ಯವನ್ನಾಳಿದರು. ಈ ಇಬ್ರಾಹಿಮನು (1580–1627) ದೊಡ್ಡವನಾದ ಮೇಲೆ ಮುತ್ತಜ್ಜನ ಪ್ರಶ್ನೆಗೆ ಉತ್ತರವನ್ನೇ ಕೊಡದೆ ಬದಿಗೆ ಸರಿಸಿದನು. ಅವನು ದಖನಿ ನುಡಿಯಲ್ಲಿ 'ಕಿತಾಬೆ ನವರಸ'ವನ್ನು ರಚಿಸಿದನು. ಅದರಲ್ಲಿ ಸರಸ್ವತಿಯನ್ನು ತಾಯಿಯೆಂದೂ ಗಣಪತಿಯನ್ನು ತಂದೆಯೆಂದೂ ಹಾಡಿಕೊಂಡನು. ದಖನಿಯ ಆ ಹಾಡುಗಳಿಗೆ ಪಾರಸಿಯಲ್ಲಿ ಮುನ್ನುಡಿ ಬರೆದವನು ಇರಾಣದಿಂದ ಬಂದ ಕವಿ ಜುಹೂರಿ. ಮೊಗಲ ರಾಯಭಾರಿ ಅಸದಬೇಗನು 1604ರ ಸುಮಾರಿಗೆ ಅವನನ್ನು ಕಂಡಾಗ, ಸುಲ್ತಾನನಿಗೆ ಪಾರಸಿಗಿಂತ ಮರಾಠಿಯ ಮಾತು ಸಲೀಸಾಗಿದ್ದುದನ್ನು ಗಮನಿಸಿದನು. ಇಸ್ಮಾಯಿಲನ ನಾಲಗೆಯಿಂದ ದೂರವಿಡಲು ದಿಲಶಾದ ಆಗಾ ಅಷ್ಟು ಕಷ್ಟಪಟ್ಟಿದ್ದ ನಾಡಿನ ನುಡಿ, ಮೂರು ತಲೆಮಾರು ಕಳೆದು ಹೀಗೆ ಅರಮನೆಯ ಪಡಸಾಲೆಯಲ್ಲಿ ಬಂದು ಕುಳಿತಿತು. ಮುಂದೆ ಎರಡನೆಯ ಅಲಿಯ ಕಾಲಕ್ಕೆ ನುಸ್ರತಿಯಂಥ ಕವಿ ದಖನಿಯಲ್ಲಿಯೇ ದೊಡ್ಡ ಕಾವ್ಯಗಳನ್ನು ಬರೆದನು.

1686ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದುಕೊಂಡನು. ಇಲ್ಲಿಯ ಸರದಾರರಲ್ಲಿ ಅನೇಕರು ಮೊಗಲರ ಚಾಕರಿಗೆ ಸೇರಿದರು. ಮೊಗಲ ಕಾಗದಪತ್ರಗಳಲ್ಲಿ ಇವರಿಗೆಲ್ಲ ಒಂದೇ ಹೆಸರು: ದಖನಿಗಳು. ಇರಾಣದ ವಂಶದವನು, ಹಬಶಿ, ಇಲ್ಲಿಯ ಮುಸಲ್ಮಾನ, ಕೆಲವೊಮ್ಮೆ ಮರಾಠನು ಕೂಡ, ಎಲ್ಲರೂ ಅದೇ ಸಾಲಿನಲ್ಲಿ. ಯಾವ ಹೆಸರನ್ನು ತಪ್ಪಿಸಿಕೊಳ್ಳಲು ಎರಡು ಶತಮಾನ ರಕ್ತ ಹರಿದಿತ್ತೋ ಆ ಹೆಸರನ್ನು ಉತ್ತರದ ಕಾರಕೂನನೊಬ್ಬನು ಲೇಖನಿಯ ಒಂದೆಳೆತಕ್ಕೆ ಎಲ್ಲರ ತಲೆಯ ಮೇಲೆ ಬರೆದನು. ನಾನು ಯಾರು ಎಂಬುದನ್ನು ನಾನು ಆರಿಸಿಕೊಳ್ಳುತ್ತೇನೆ, ನಿಜ. ಆದರೆ ಪುಸ್ತಕ ಬರೆಯುವವನ ಕೈಯಲ್ಲಿಯೂ ಒಂದು ಲೇಖನಿಯಿರುತ್ತದೆ.

ಆ ಲೇಖನಿ ಇಂದಿಗೂ ಕೆಳಗಿಟ್ಟಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಸುತ್ತಲಿನ ತಾಂಡಾಗಳಲ್ಲಿ ಲಂಬಾಣಿಗರಿದ್ದಾರೆ. ಧಾನ್ಯದ ಹೇರುಗಳನ್ನು ಹೊತ್ತ ಎತ್ತುಗಳೊಡನೆ ಸೈನ್ಯಗಳ ಬೆನ್ನ ಹಿಂದೆ ದಖ್ಖಣಕ್ಕೆ ಇಳಿದವರು. ರಾಠೋಡ, ಚವ್ಹಾಣ, ಪವಾರ ಎಂಬ ಅಡ್ಡಹೆಸರುಗಳನ್ನು ತೋರಿಸಿ ತಮ್ಮ ಮೂಲ ರಾಜಸ್ಥಾನವೆನ್ನುತ್ತಾರೆ. ಅವರಾಡುವ ನುಡಿಯನ್ನು ಜನಗಣತಿಯವರು ಹಿಂದಿಯ ಕೆಳಗೆ ಸೇರಿಸಿ ಎಣಿಸಿದ್ದಾರೆ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ. ಭೀಮೆಯನ್ನು ದಾಟಿ ಮಹಾರಾಷ್ಟ್ರಕ್ಕೆ ಹೋದ ಬೀಗರು ವಿಮುಕ್ತ ಜಾತಿ. ತೆಲಂಗಾಣಕ್ಕೆ ಕೊಟ್ಟ ಮಗಳ ಮನೆಯವರು ಪರಿಶಿಷ್ಟ ಪಂಗಡ. ಮನೆಯಲ್ಲಿ ದಖನಿಯಾಡುವ ಮುಸಲ್ಮಾನನು ಗಣತಿಯವರು ಬಂದಾಗ ಉರ್ದು ಎಂದು ಬರೆಯಿಸುವುದು ರೂಢಿ. ಒಂದು ಕಾಲಕ್ಕೆ ಸುಲ್ತಾನನೇ ಕವಿಯಾಗಿದ್ದ ನುಡಿಗೆ ಕಲಮಿನಲ್ಲಿ ಜಾಗವಿಲ್ಲದಂತಾಗಿದೆ. 1956ರಲ್ಲಿ ಮುಂಬಯಿ ರಾಜ್ಯದಿಂದ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಆಚೆ ಉಳಿದವು. ಇಂಡಿಯ ಎಷ್ಟೋ ಮನೆಗಳ ನಂಟರು ಒಂದು ಮುಂಜಾನೆ ಬೇರೆ ರಾಜ್ಯದವರಾದರು. ಪಾಟೀಲ, ದೇಸಾಯಿ, ಕುಲಕರ್ಣಿ ಎಂಬ ಅಡ್ಡಹೆಸರನ್ನು ಕೇಳಿ ಮನೆಯ ಮಾತು ಯಾವುದೆಂದು ಹೇಳುವುದು ಆ ಸೀಮೆಯಲ್ಲಿ ಇಂದಿಗೂ ಸಾಧ್ಯವಿಲ್ಲ. ಇದು ಹೊಸತೂ ಅಲ್ಲ. ಇಂಡಿಗೆ ಸಮೀಪದ ಸಾಲೋಟಗಿಯಲ್ಲಿ 945ರ ಒಂದು ಶಾಸನವಿದೆ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ಅಲ್ಲಿಯ ವಿದ್ಯಾಶಾಲೆಗೆ ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ, ದೀಪದೆಣ್ಣೆಗೆ ಬಿಟ್ಟ ದತ್ತಿಯನ್ನು ಅದು ಹೇಳುತ್ತದೆ. ಓದು ಮುಗಿದ ಮೇಲೆ ಅವರಲ್ಲಿ ಎಷ್ಟು ಜನ ಇಲ್ಲಿಯೇ ಉಳಿದು ಇಲ್ಲಿಯವರಾದರೋ!

ಸಿಂದಗಿಯಿಂದ ಶಹಾಪುರದ ಕಡೆಗೆ ಹೋದರೆ ಗೋಗಿ ಎಂಬ ಊರು ಸಿಗುತ್ತದೆ. ಅಲ್ಲಿ ಚಂದಾ ಹುಸೇನಿ ಎಂಬ ಸೂಫಿ ಸಂತನ ದರ್ಗೆಯಿದೆ. ಮೊದಲ ಆದಿಲಶಾಹಿ ದೊರೆಗಳ ಗೋರಿಗಳಿರುವುದು ಅಲ್ಲಿಯೇ. ಗೋಳಗುಮ್ಮಟದ ವೈಭವವನ್ನು ಕಂಡುಬಂದವನಿಗೆ ಅವು ತೀರ ಸಾದಾ ಎನಿಸಿಯಾವು. ಉಸ್ಮಾನಿ ರಾಜಕುಮಾರನೆನಿಸಿಕೊಂಡ ಯೂಸುಫ, ಕೆಂಪು ಟೊಪ್ಪಿಗೆಯ ಇಸ್ಮಾಯಿಲ, ಆ ಟೊಪ್ಪಿಗೆಯನ್ನು ತೆಗೆಯಿಸಿದ ಇಬ್ರಾಹಿಮ, ಮೂವರೂ ಅಲ್ಲಿ ಹತ್ತಿರ ಹತ್ತಿರ ಮಲಗಿದ್ದಾರೆ.